ದಿ ಎವರೆಸ್ಟ್ ರೇಸಿನ ಆಡ್ಸ್ ಹೋಲಿಸೋದು ಹೇಗೆ: ಲೆಕ್ಕದ ಸಮೇತ ಪೂರ್ತಿ ಗೈಡ್

ಅಕ್ಟೋಬರ್ ಬಂತು ಅಂದ್ರೆ ಸಿಡ್ನಿಲಿರೋ ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ, "ಎವರೆಸ್ಟ್‌ಗೆ ಯಾವ ಕುದುರೆ ಗುರೂ?" ಯಾವ ಕುದುರೆ ಅಂತ ಎಲ್ಲರೂ ಕೇಳ್ತಾರೆ, ಎಷ್ಟಕ್ಕೆ ಅಂತ ಒಬ್ಬರೂ ಕೇಳಲ್ಲ. ಅದೇ ಕುದುರೆ ಗೆದ್ರೆ ಒಂದು ಕಡೆ ಡಾಲರಿಗೆ 5 ಕೊಡ್ತಿರ್ತಾರೆ, ಇನ್ನೊಂದು ಕಡೆ 5.50, ಇವರು ಮೊದಲು ಡೌನ್‌ಲೋಡ್ ಮಾಡ್ಕೊಂಡ ಆಪ್ ಯಾವುದೋ ಅದರಲ್ಲೇ ಹಾಕಿ ಬರ್ತಾರೆ. ಈ ಗೈಡಲ್ಲಿ ಯಾರು ಗೆಲ್ತಾರೆ ಅನ್ನೋ ಟಿಪ್ ಒಂದೂ ಇಲ್ಲ. ರೇಟು, ಅಂದ್ರೆ ಆಡ್ಸ್, ಹೋಲಿಸೋದು ಹೇಗೆ ಅಂತ ಮಾತ್ರ ಹೇಳ್ತೀನಿ, ಯಾಕಂದ್ರೆ ಕುದುರೆ ಓಡೋದು ನಮ್ಮ ಕೈಲಿಲ್ಲ, ಯಾವ ರೇಟಿಗೆ ತಗೋತೀವಿ ಅನ್ನೋದು ನಮ್ಮ ಕೈಲಿದೆ.

ಶುರು ಮಾಡೋಕೆ ಮುಂಚೆ ಒಂದು ಮಾತು. ಇದು ಆಸ್ಟ್ರೇಲಿಯಾದಲ್ಲಿ ವಾಸ ಇರೋ, 18 ದಾಟಿದವರಿಗೆ. ಬೆಂಗಳೂರಲ್ಲಿ ಕೂತು ಅಲ್ಲಿನ ಆಪಲ್ಲಿ ಹಾಕ್ತೀನಿ ಅನ್ನೋರು ದಯವಿಟ್ಟು ಬೇಡ, 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ಭಾರತದಲ್ಲಿ ನಿಷೇಧ ಮಾಡಿದೆ. ಬೆಂಗಳೂರಿಂದ ರೇಸ್ ನೋಡಿ ಲೆಕ್ಕ ಕಲಿಯೋಕೆ ಅಡ್ಡಿಯಿಲ್ಲ. ಸಿಡ್ನಿ ಟೈಮು ಆಗ ನಮ್ಮೂರಿಗಿಂತ ಐದೂವರೆ ಗಂಟೆ ಮುಂದೆ ಇರತ್ತೆ, ಅಲ್ಲಿ ಸಂಜೆ ನಾಲ್ಕರ ಆಸುಪಾಸಿನ ರೇಸು ಇಲ್ಲಿ ಬೆಳಗ್ಗೆ ತಿಂಡಿ ಮುಗಿಸಿದ ಮೇಲೆ ಬರತ್ತೆ.

ಹೆಜ್ಜೆ 1: ರೇಸು ಎಂಥದ್ದು ಅಂತ ತಿಳ್ಕೊಳ್ಳಿ

ದಿ ಎವರೆಸ್ಟ್ ನಡೆಯೋದು ಸಿಡ್ನಿಯ ರಾಂಡ್ವಿಕ್ ರೇಸ್‌ಕೋರ್ಸಲ್ಲಿ, ಹುಲ್ಲಿನ ಟ್ರ್ಯಾಕು, 1200 ಮೀಟರ್, ಒಂದು ನಿಮಿಷ ಎಂಟು ಹತ್ತು ಸೆಕೆಂಡಲ್ಲಿ ಕಥೆ ಮುಗಿದಿರತ್ತೆ. ಶುರುವಾಗಿದ್ದು 2017ರಲ್ಲಿ, ಆಗ ಬಹುಮಾನ 1 ಕೋಟಿ ಆಸ್ಟ್ರೇಲಿಯನ್ ಡಾಲರ್, 2023ರಿಂದ 2 ಕೋಟಿ. ಅಷ್ಟು ದುಡ್ಡಿದ್ರೂ ಗ್ರೂಪ್ 1 ಅನ್ನೋ ಅತಿ ಮೇಲಿನ ದರ್ಜೆಯ ಪಟ್ಟ ಸಿಕ್ಕಿದ್ದು 2024ರಲ್ಲಿ.

ಆಡ್ಸ್ ನೋಡೋರಿಗೆ ಇದರಲ್ಲಿ ಮುಖ್ಯ ಅಂದ್ರೆ ಸ್ಲಾಟ್ ಪದ್ಧತಿ. ಬರೀ 12 ಜಾಗ. ಕುದುರೆ ಚೆನ್ನಾಗಿ ಓಡತ್ತೆ ಅಂತ ಮಾತ್ರಕ್ಕೆ ಎಂಟ್ರಿ ಸಿಗಲ್ಲ, ಯಾರೋ ಲಕ್ಷಾಂತರ ಡಾಲರ್ ಕೊಟ್ಟು ಸ್ಲಾಟ್ ತಗೊಂಡಿರ್ತಾರೆ (ಮೊದಲ ವರ್ಷ ಒಂದು ಸ್ಲಾಟಿಗೆ 6 ಲಕ್ಷ), ಅವರು ಕುದುರೆ ಓನರ್ ಜೊತೆ ಮಾತಾಡಿ ಡೀಲ್ ಕುದುರಿಸಿ ಆಮೇಲೆ ಆ ಕುದುರೆ ಒಳಗೆ ಬರತ್ತೆ. ಹಾಗಾಗಿ ಜುಲೈನಲ್ಲಿ ನಿಮಗೆ ಕಾಣೋ 15ರ ರೇಟಲ್ಲಿ ಎರಡು ರಿಸ್ಕ್ ಸೇರ್ಕೊಂಡಿರತ್ತೆ, ಕುದುರೆ ಫಿಟ್ ಇರತ್ತಾ ಅನ್ನೋದು ಒಂದು, ಅದಕ್ಕೆ ಸ್ಲಾಟ್ ಸಿಗತ್ತಾ ಅನ್ನೋದು ಇನ್ನೊಂದು.

ತೂಕದ ವಿಷ್ಯ ಚಿಕ್ಕದಾಗಿ: ಇದು ವೆಯ್ಟ್ ಫಾರ್ ಏಜ್, ಅಂದ್ರೆ ವಯಸ್ಸು, ಗಂಡು ಹೆಣ್ಣು ನೋಡಿ ತೂಕ. ಮೂರು ವರ್ಷದ ಗಂಡು ಕುದುರೆ 53 ಕೆಜಿ ಹೊತ್ರೆ ದೊಡ್ಡವು 58.5 ಹೊರಬೇಕು. 2022ರಲ್ಲಿ ಎಲ್ಲರ ಕಣ್ಣೂ ಹಿಂದಿನ ವರ್ಷ ಗೆದ್ದಿದ್ದ ನೇಚರ್ ಸ್ಟ್ರಿಪ್ ಮೇಲಿತ್ತು, ಅದು ನಾಲ್ಕನೇದಾಗಿ ಬಂತು, ಗೆದ್ದಿದ್ದು ಗಿಗಾ ಕಿಕ್ ಅನ್ನೋ ಮೂರು ವರ್ಷದ ಮರಿ, ಅದೂ ದೊಡ್ಡ ರೇಟಿಗೆ. 2025ರಲ್ಲಿ ಪೂರ್ತಿ ಉಲ್ಟಾ, ಹಾಂಗ್‌ಕಾಂಗ್‌ನ ಕಾ ಯಿಂಗ್ ರೈಸಿಂಗ್ 2ಕ್ಕಿಂತ ಕಮ್ಮಿ ರೇಟಿನ ಹಾಟ್ ಫೇವರಿಟ್ ಆಗಿ ಬಂದು ಗೆದ್ದೇ ಹೋಯ್ತು, ಹೊರದೇಶದಲ್ಲಿ ತರಬೇತಾದ ಕುದುರೆ ಇದನ್ನ ಗೆದ್ದಿದ್ದು ಅದೇ ಮೊದಲು. ಒಂದೇ ರೇಸು, ಒಂದೊಂದು ವರ್ಷ ಮಾರ್ಕೆಟ್ಟಿನ ರೂಪವೇ ಬೇರೆ, ಅದಕ್ಕೇ ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಕಾಪಿ ಮಾಡೋಕಾಗಲ್ಲ.

ಹೆಜ್ಜೆ 2: ರೇಟನ್ನ ಪರ್ಸೆಂಟ್ ಮಾಡಿ

ಆಸ್ಟ್ರೇಲಿಯಾದಲ್ಲಿ ಡೆಸಿಮಲ್ ಆಡ್ಸ್. 5.50 ಅಂದ್ರೆ 1 ಡಾಲರ್ ಹಾಕಿದ್ರೆ ಗೆದ್ದಾಗ 5.50 ವಾಪಸ್ ಬರತ್ತೆ, ನಿಮ್ಮ ಅಸಲು ಅದರಲ್ಲೇ ಸೇರಿದೆ, ಲಾಭ 4.50. ಬೆಂಗಳೂರು ಟರ್ಫ್ ಕ್ಲಬ್ಬಲ್ಲಿ ಬುಕ್ಕಿಗಳ ಹತ್ರ 5/2 ಅಂತ ಕೇಳಿ ಅಭ್ಯಾಸ ಇರೋರು 5ನ್ನ 2ರಿಂದ ಭಾಗಿಸಿ 1 ಕೂಡಿಸ್ಕೊಳ್ಳಿ, 3.50 ಬರತ್ತೆ.

ಈಗ 100ನ್ನ ರೇಟಿಂದ ಭಾಗಿಸಿ. 5.00 ಅಂದ್ರೆ 20%. 5.50 ಅಂದ್ರೆ 18.18%. 3.50 ಅಂದ್ರೆ 28.57%. ಆ ರೇಟಲ್ಲಿ ನಿಮಗೆ ನಷ್ಟ ಆಗದೆ ಇರಬೇಕು ಅಂದ್ರೆ ಕುದುರೆ ನೂರಕ್ಕೆ ಎಷ್ಟು ಸಲ ಗೆಲ್ಲಬೇಕು ಅನ್ನೋದು ಈ ನಂಬರ್. ಮುಂದಿನ ಎಲ್ಲಾ ಕೆಲಸ ಇದರ ಮೇಲೇ ನಡೆಯೋದು, ಇದೊಂದು ಬಾಯಿಪಾಠ ಆಗಿಬಿಡ್ಲಿ.

ಹೆಜ್ಜೆ 3: ಅಂಗಡಿಯವನ ಕಮಾಯಿ ಎಷ್ಟು ಅಂತ ಹಿಡೀರಿ

ಒಂದು ಬುಕ್ಕಿ ಹತ್ರ 12 ಕುದುರೆಗೂ ರೇಟು ಬರ್ಕೊಳ್ಳಿ. ನಾನು ಇಲ್ಲಿ ಉದಾಹರಣೆಗೆ ಅಂತ ರೇಟುಗಳನ್ನ ಇಟ್ಕೊಂಡಿದೀನಿ, ಯಾವ ವರ್ಷದ್ದೂ ಅಲ್ಲ: 3.50, 5, 8, 9, 11, 13, 15, 17, 21, 26, 34, 51. ಒಂದೊಂದನ್ನೂ ಪರ್ಸೆಂಟ್ ಮಾಡಿ ಕೂಡಿಸಿದ್ರೆ 115.02% ಬರತ್ತೆ. ಗೆಲ್ಲೋದು ಒಂದೇ ಕುದುರೆ, ನ್ಯಾಯವಾಗಿ 100 ಬರಬೇಕಿತ್ತು. ಮೇಲಿನ 15 ಅವನದ್ದು. ಎಲ್ಲಾ ಕುದುರೆ ಮೇಲೂ ಆ ಲೆಕ್ಕದಲ್ಲೇ ದುಡ್ಡು ಬಿದ್ರೆ ಅವನು 115 ತಗೊಂಡು 100 ಕೊಡ್ತಾನೆ, ಅಂದ್ರೆ ಹಾಕಿದ ದುಡ್ಡಲ್ಲಿ ಸುಮಾರು 13% ಅವನ ಜೇಬಿಗೆ.

ಈಗ ಇನ್ನೆರಡು ಕಡೆಯ ರೇಟನ್ನೂ ಪಕ್ಕದಲ್ಲಿ ಬರೆದು, ಪ್ರತಿ ಕುದುರೆಗೂ ಮೂರರಲ್ಲಿ ಯಾವುದು ದೊಡ್ಡದೋ ಅದನ್ನ ಎತ್ಕೊಳ್ಳಿ. ನನ್ನ ಉದಾಹರಣೆಲಿ ಅದು ಹೀಗಿದೆ ಅನ್ಕೊಳ್ಳಿ: 3.70, 5.50, 8.50, 9.50, 12, 14, 17, 19, 23, 31, 41, 61. ಕೂಡಿಸಿ. 105.77%. ಮೂರು ಅಂಗಡಿ ನೋಡಿದ್ದಕ್ಕೆ 13% ಇದ್ದ ಅವರ ಪಾಲು ಐದೂವರೆ ಹತ್ರಕ್ಕೆ ಇಳೀತು. ಕುದುರೆ ಬಗ್ಗೆ ನಿಮ್ಮ ಜ್ಞಾನ ಒಂಚೂರೂ ಜಾಸ್ತಿ ಆಗಿಲ್ಲ, ಆದ್ರೂ ಇಷ್ಟು ಉಳೀತು. ಇನ್ನೂ ಗಮನಿಸಿ, ಫೇವರಿಟ್ಟಲ್ಲಿ 3.50ಗೂ 3.70ಗೂ ವ್ಯತ್ಯಾಸ ಕಮ್ಮಿ, ಕೊನೇಲಿರೋ ಕುದುರೆಗೆ 51 ಎಲ್ಲಿ 61 ಎಲ್ಲಿ. ದೊಡ್ಡ ರೇಟಿನ ಕುದುರೆ ಇಷ್ಟ ಪಡೋರು ಹೋಲಿಸದೆ ಹಾಕಲೇಬಾರದು, ಯಾಕಂದ್ರೆ ಬುಕ್ಕಿ ತನ್ನ ಮಾರ್ಜಿನ್ನನ್ನ ಎಲ್ಲಾ ಕುದುರೆ ಮೇಲೂ ಸಮವಾಗಿ ಹಂಚಲ್ಲ, ಬಾಲದ ಕಡೆ ಜಾಸ್ತಿ ಹೇರಿರ್ತಾನೆ.

ಮೂರು ಅಂಗಡಿ ಅಂದ್ನಲ್ಲ, ಅದರಲ್ಲೂ ಒಂದು ಕಿವಿಮಾತು. ಲ್ಯಾಡ್‌ಬ್ರೋಕ್ಸ್ ಮತ್ತೆ ನೆಡ್ಸ್ ಎರಡೂ ಎಂಟೈನ್ ಅನ್ನೋ ಒಂದೇ ಕಂಪನಿದು. ಅವೆರಡನ್ನ ನೋಡಿ "ಎರಡು ಕಡೆ ಚೆಕ್ ಮಾಡ್ದೆ" ಅಂದ್ರೆ ಒಂದೇ ಮನೆಯ ಎರಡು ಬಾಗಿಲು ತಟ್ಟಿದಂಗೆ. ಮಾಲೀಕರು ಬೇರೆ ಬೇರೆ ಇರೋ ಕಡೆ ನೋಡಿ, ಟ್ಯಾಬ್ ಒಂದು, ಸ್ಪೋರ್ಟ್ಸ್‌ಬೆಟ್ ಒಂದು, ಬೆಟ್‌ಫೇರ್ ಎಕ್ಸ್‌ಚೇಂಜ್ (ಬುಕ್ಕಿ ಬದಲು ಜನ ಜನರ ಜೊತೆಗೇ ಬೆಟ್ ಕಟ್ಟೋ ಕಡೆ) ಒಂದು, ಹೀಗೆ.

ಹೆಜ್ಜೆ 4: ಒಂದೇ ಜಾತಿ ರೇಟನ್ನ ಒಂದೇ ಜಾತಿ ಜೊತೆ ಹೋಲಿಸಿ

ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ಜಾಸ್ತಿನೇ ಬರೀತೀನಿ. ಸ್ಕ್ರೀನ್ ಮೇಲೆ ಕಾಣೋ ನಂಬರ್ ಎಲ್ಲಾ ಒಂದೇ ಥರ ಕಾಣತ್ತೆ, ಒಳಗಿನ ಶರತ್ತು ಬೇರೆ ಬೇರೆ.

ಫಿಕ್ಸೆಡ್ ಆಡ್ಸ್ ಅಂದ್ರೆ ನೀವು ಬಟನ್ ಒತ್ತಿದಾಗ ಏನಿತ್ತೋ ಅದೇ ರೇಟು ನಿಮ್ಮದು. ಆಮೇಲೆ ಬೇರೆ ಯಾವುದಾದ್ರೂ ಕುದುರೆ ಸ್ಕ್ರ್ಯಾಚ್ ಆದ್ರೆ, ಅಂದ್ರೆ ಓಡದೆ ಹಿಂದೆ ಸರಿದ್ರೆ, ಡಿಡಕ್ಷನ್ ಅಂತ ಡಾಲರಿಗೆ ಇಷ್ಟು ಸೆಂಟ್ ಕಟ್ ಮಾಡ್ತಾರೆ. 5.50ಕ್ಕೆ 10 ಡಾಲರ್ ಹಾಕಿದ್ರಿ, 55 ಬರಬೇಕು, 20 ಸೆಂಟ್ ಡಿಡಕ್ಷನ್ ಬಂತು ಅಂದ್ರೆ 44 ಕೈಗೆ ಬರತ್ತೆ, ಅಲ್ಲಿಗೆ ರೇಟು 4.40 ಆಯ್ತು. ಫೇವರಿಟ್ ಹೋದ್ರೆ ಕಟ್ ದೊಡ್ಡದು, 61ರ ಕುದುರೆ ಹೋದ್ರೆ ಇದ್ರೂ ಇಲ್ಲದಂಗೆ. ಕಟ್ ಎಷ್ಟು, ಹೇಗೆ ಅನ್ನೋದು ಆಯಾ ಬುಕ್ಕಿಯ ರೂಲ್ಸ್ ಪೇಜಲ್ಲಿರತ್ತೆ, ಬೇಜಾರಾದ್ರೂ ಒಂದ್ಸಲ ಓದಿಟ್ಕೊಳ್ಳಿ.

ಫ್ಯೂಚರ್ಸ್ ಅಥವಾ ಆಲ್-ಇನ್ ಅಂದ್ರೆ ತಿಂಗಳುಗಟ್ಟಲೆ ಮುಂಚೆ ತೆರೆದಿರೋ ಮಾರ್ಕೆಟ್. ಇದರಲ್ಲಿ ಕುದುರೆ ಓಡಲಿಲ್ಲ ಅಂದ್ರೆ ಸಾಮಾನ್ಯವಾಗಿ ದುಡ್ಡು ಗೋತಾ. ಆಗಸ್ಟಿನ ಆಲ್-ಇನ್ 9ನ್ನ ರೇಸ್ ವಾರದ 7ರ ಪಕ್ಕ ಇಟ್ಟು "ಆಹಾ, ಅಲ್ಲಿ ಜಾಸ್ತಿ ಇತ್ತು" ಅನ್ನೋದು ತಪ್ಪು ಲೆಕ್ಕ. ಆ ಕುದುರೆ ಗೇಟಿಗೆ ಬರೋ ಸಾಧ್ಯತೆ ನೂರಕ್ಕೆ ಎಪ್ಪತ್ತು ಅಂತ ನಿಮಗೆ ಅನ್ಸಿದ್ರೆ 9ನ್ನ 0.7ರಿಂದ ಗುಣಿಸಿ, 6.30 ಆಗತ್ತೆ, ಅಂದ್ರೆ 7ಕ್ಕಿಂತ ಕಮ್ಮಿನೇ. ಸ್ಲಾಟ್ ಕನ್ಫರ್ಮ್ ಆಗದ ಕುದುರೆ ಮೇಲೆ ಫ್ಯೂಚರ್ಸ್ ಹಾಕೋದು ನನಗಂತೂ ಒಗ್ಗಲ್ಲ.

ಟೋಟ್ ಬೆಂಗಳೂರು, ಮೈಸೂರು ರೇಸ್ ನೋಡಿದವರಿಗೆ ಹೊಸದಲ್ಲ, ಎಲ್ಲರ ದುಡ್ಡೂ ಒಂದು ಪೂಲಿಗೆ ಹೋಗತ್ತೆ, ಅದರಲ್ಲಿ ಕಮಿಷನ್ ತೆಗೆದು ಉಳಿದಿದ್ದು ಗೆದ್ದವರಿಗೆ ಹಂಚಿಕೆ. ಬೋರ್ಡ್ ಮೇಲೆ ಕಾಣೋದು ಆ ಹೊತ್ತಿನ ಅಂದಾಜು ಅಷ್ಟೇ, ಗೇಟ್ ತೆರೆಯೋ ಹೊತ್ತಿಗೆ 6.20 ಇದ್ದದ್ದು 5.10 ಆಗಿರಬಹುದು. ಫಿಕ್ಸೆಡ್ 5.50 ಜೊತೆ ಟೋಟಿನ 6.20 ಹೋಲಿಸಿ ಟೋಟ್ ಮೇಲು ಅನ್ನೋಕೆ ಹೋಗಬೇಡಿ. ಟ್ರೈಫೆಕ್ಟಾ (ಮೊದಲ ಮೂರು ಕುದುರೆಗಳನ್ನ ಕ್ರಮವಾಗಿ ಹೇಳೋದು), ಫಸ್ಟ್ ಫೋರ್ (ಮೊದಲ ನಾಲ್ಕನ್ನ ಹೇಳೋದು) ಥರದ್ದಕ್ಕೆ ಟೋಟ್ ಸರಿ, ವಿನ್ ಬೆಟ್ಟಿಗೆ ನನ್ನ ಮನಸ್ಸು ಫಿಕ್ಸೆಡ್ ಕಡೆಗೇ.

ಎಸ್‌ಪಿ ಅಂದ್ರೆ ಸ್ಟಾರ್ಟಿಂಗ್ ಪ್ರೈಸ್, ರೇಸ್ ಶುರುವಾಗೋ ಗಳಿಗೆಯ ರೇಟು. ಟಾಪ್ ಫ್ಲಕ್ ಅಂದ್ರೆ ಮಾರ್ಕೆಟ್ ಏರಿಳಿತದಲ್ಲಿ ಮುಟ್ಟಿದ ಅತಿ ಹೆಚ್ಚಿನ ರೇಟು. ಇವೆರಡೂ ಹಾಕೋವಾಗ ಎಷ್ಟು ಅಂತ ಗೊತ್ತಿರಲ್ಲ, ಹಾಗಾಗಿ ಹೋಲಿಕೆ ಶೀಟಲ್ಲಿ ಇವಕ್ಕೆ ಬೇರೆ ಕಾಲಮ್.

ಎಕ್ಸ್‌ಚೇಂಜಲ್ಲಿ ನಂಬರ್ ಸಾಮಾನ್ಯವಾಗಿ ದೊಡ್ಡದಾಗಿ ಕಾಣತ್ತೆ, ಯಾಕಂದ್ರೆ ಕಮಿಷನ್ ಇನ್ನೂ ಕಳೆದಿರಲ್ಲ. ಬೆಟ್‌ಫೇರಲ್ಲಿ 5.60 ಇದೆ, ಕಮಿಷನ್ 8% ಅಂತ ಇಟ್ಕೊಳ್ಳಿ. ಲಾಭ 4.60, ಅದರ 92% ಅಂದ್ರೆ 4.23, ಅಸಲು 1 ಸೇರಿಸಿ 5.23. ಪಕ್ಕದ ಫಿಕ್ಸೆಡ್ 5.50 ಇದಕ್ಕಿಂತ ಎಷ್ಟೋ ವಾಸಿ. ಕಮಿಷನ್ ದರ ಯಾವ ರಾಜ್ಯದ ರೇಸು ಅನ್ನೋದರ ಮೇಲೆ ಬೇರೆ ಆಗತ್ತೆ, ಆ ಮಾರ್ಕೆಟ್ಟಿನ ರೂಲ್ಸಲ್ಲಿ ನೋಡಿ ಆ ನಂಬರ್ ಹಾಕ್ಕೊಳ್ಳಿ. ಇನ್ನೊಂದು, 5.60 ಅಂತ ತೋರಿಸಿದ ಕೆಳಗೆ ಎಷ್ಟು ಡಾಲರ್ ಅಂತಾನೂ ಇರತ್ತೆ. ಅಲ್ಲಿ 14 ಡಾಲರ್ ಮಾತ್ರ ಇದ್ರೆ ನಿಮ್ಮ 50 ಪೂರ್ತಿ ಆ ರೇಟಿಗೆ ಹೋಗಲ್ಲ.

ಹೆಜ್ಜೆ 5: ಪ್ಲೇಸ್ ಮತ್ತೆ ಈಚ್-ವೇ

ಪ್ಲೇಸ್ ಅಂದ್ರೆ ಕುದುರೆ ಗೆಲ್ಲದಿದ್ರೂ ಮೊದಲ ಎರಡು ಮೂರು ಸ್ಥಾನದೊಳಗೆ ಬಂದ್ರೆ ಸಾಕು ಅನ್ನೋ ಬೆಟ್. ಎಂಟು ಅಥವಾ ಜಾಸ್ತಿ ಕುದುರೆ ಓಡಿದ್ರೆ ಮೂರು ಪ್ಲೇಸಿಗೆ ದುಡ್ಡು, ಐದರಿಂದ ಏಳು ಅಂದ್ರೆ ಎರಡಕ್ಕೆ. ಎವರೆಸ್ಟಲ್ಲಿ 12 ಇರೋದ್ರಿಂದ ಮೂರು. ಪ್ಲೇಸ್ ರೇಟುಗಳನ್ನೂ ಪರ್ಸೆಂಟ್ ಮಾಡಿ ಕೂಡಿಸಿ, ಆದ್ರೆ ಇಲ್ಲಿ ನ್ಯಾಯದ ಮೊತ್ತ 300, ಏಕೆಂದ್ರೆ ಮೂರು ಕುದುರೆ ಪ್ಲೇಸ್ ಆಗತ್ತೆ. 300ಕ್ಕಿಂತ ಎಷ್ಟು ಮೇಲಿದೆಯೋ ಅದನ್ನ ಮೂರರಿಂದ ಭಾಗಿಸಿದ್ರೆ ವಿನ್ ಮಾರ್ಜಿನ್ ಜೊತೆ ಹೋಲಿಸಬಹುದು.

ಈಚ್-ವೇ ಅಂದ್ರೆ ವಿನ್ ಒಂದು, ಪ್ಲೇಸ್ ಒಂದು, ಎರಡು ಬೆಟ್ ಒಟ್ಟಿಗೆ, ಹಾಗಾಗಿ ಈಚ್-ವೇ 10 ಡಾಲರ್ ಅಂದ್ರೆ ಜೇಬಿಂದ ಹೋಗೋದು 20. ವಿನ್ 17, ಪ್ಲೇಸ್ 4.40 ಇದ್ದು ಕುದುರೆ ಮೂರನೇದಾಗಿ ಬಂದ್ರೆ 44 ವಾಪಸ್, ಲಾಭ 24. ಗೆದ್ರೆ 170 ಮತ್ತು 44, ಒಟ್ಟು 214. ವಿನ್ ರೇಟು ಒಬ್ಬನ ಹತ್ರ ಚೆನ್ನಾಗಿರತ್ತೆ, ಪ್ಲೇಸ್ ರೇಟು ಇನ್ನೊಬ್ಬನ ಹತ್ರ, ಎರಡನ್ನೂ ಬಿಡಿಸಿ ಬೇರೆ ಬೇರೆ ಕಡೆ ಹಾಕೋಕೆ ಯಾರೂ ಅಡ್ಡ ಬರಲ್ಲ. ಈಚ್-ವೇ ಬಟನ್ ಒತ್ತೋದು ಬರೀ ಸೋಮಾರಿತನ.

ಹೆಜ್ಜೆ 6: ನಿಮ್ಮದೇ ಒಂದು ಪರ್ಸೆಂಟ್ ಬರ್ಕೊಳ್ಳಿ

ಬುಕ್ಕಿ ರೇಟು ನೋಡೋಕೆ ಮುಂಚೆನೇ ಇದನ್ನ ಬರೀಬೇಕು, ನೋಡಿದ ಮೇಲೆ ಬರೆದ್ರೆ ಕಣ್ಣು ಅವನ ನಂಬರ್ ಕಡೆಗೇ ಎಳ್ಕೊಂಡು ಹೋಗತ್ತೆ. ಆಧಾರಕ್ಕೆ ರಾಂಡ್ವಿಕ್ಕಿನ ದಿ ಶಾರ್ಟ್ಸ್, ಪ್ರೀಮಿಯರ್ ಸ್ಟೇಕ್ಸ್ ರೇಸುಗಳು, ಮೆಲ್ಬರ್ನ್ ಕಡೆಯಿಂದ ಬರೋ ಕುದುರೆಗಳಿಗೆ ಮೋಯರ್ ಸ್ಟೇಕ್ಸ್, ಆಮೇಲೆ ಅಭ್ಯಾಸದ ಓಟಗಳಾದ ಬ್ಯಾರಿಯರ್ ಟ್ರಯಲ್‌ಗಳ ವಿಡಿಯೋ. ಟ್ರಯಲಲ್ಲಿ ಗೆದ್ದಿದ್ದು ನೋಡಿ ಹಾರಾಡಬೇಡಿ, ಅಲ್ಲಿ ಎಷ್ಟೋ ಜಾಕಿಗಳು ಕುದುರೆನ ಹಿಡ್ಕೊಂಡೇ ಓಡಿಸ್ತಿರ್ತಾರೆ.

3ನೇ ಹೆಜ್ಜೆಯ ಪಟ್ಟಿಲಿರೋ ಎರಡನೇ ಕುದುರೆಗೆ ನೀವು 20% ಕೊಟ್ರಿ ಅನ್ಕೊಳ್ಳಿ. 0.20ನ್ನ ರೇಟಿಂದ ಗುಣಿಸಿ. 5.00 ಕೊಡೋ ಕಡೆ 1.00, ಅಂದ್ರೆ ಲಾಭವೂ ಇಲ್ಲ ನಷ್ಟವೂ ಇಲ್ಲ. 5.50 ಕೊಡೋ ಕಡೆ 1.10, ಡಾಲರಿಗೆ 10 ಸೆಂಟ್ ನಿಮ್ಮ ಕಡೆ. ಎಕ್ಸ್‌ಚೇಂಜಿನ 5.23ಕ್ಕೆ 1.046. ಅದೇ ಕುದುರೆ, ಅದೇ ಅಭಿಪ್ರಾಯ, ಒಂದು ಕಡೆ ಹಾಕೋದೇ ವ್ಯರ್ಥ, ಇನ್ನೊಂದು ಕಡೆ ಹಾಕಬಹುದು. ಮೂರೂ ಕಡೆ 1ಕ್ಕಿಂತ ಕಮ್ಮಿ ಬಂತು ಅಂದ್ರೆ ಆ ಕುದುರೆ ಗೆಲ್ಲತ್ತೆ ಅಂತ ಎಷ್ಟೇ ಅನ್ಸಿದ್ರೂ ಬಿಟ್ಬಿಡಿ.

ನಿಮ್ಮ 12 ಪರ್ಸೆಂಟ್ ಕೂಡಿಸಿದ್ರೆ 100 ಬರಲೇಬೇಕು. ಮೊದಲ ಸಲ ಬರೆಯೋ ಎಲ್ಲರದ್ದೂ 130, 140 ಬಂದಿರತ್ತೆ, ಎಲ್ಲಾ ಕುದುರೆನೂ ಚೆನ್ನಾಗಿದೆ ಅನ್ಸೋದ್ರಿಂದ. ಕುಟ್ಟಿ ತಟ್ಟಿ ನೂರಕ್ಕೆ ಇಳಿಸಿ.

ಹೆಜ್ಜೆ 7: ಆಫರ್‌ಗಳನ್ನೂ ಲೆಕ್ಕಕ್ಕೆ ತನ್ನಿ

ಬೋನಸ್ ಬೆಟ್ ಅಂದ್ರೆ ಬುಕ್ಕಿ ಪುಕ್ಕಟೆ ಕೊಡೋ ಬೆಟ್, ಗೆದ್ರೂ ಅದರ ಅಸಲು ವಾಪಸ್ ಬರಲ್ಲ. 50 ಡಾಲರ್ ಬೋನಸ್ ಬೆಟ್ 5.50ಕ್ಕೆ ಗೆದ್ರೆ 275 ಅಲ್ಲ, 225. ಹಾಗಾಗಿ 50ರ ಬೋನಸ್ ನಿಜವಾದ 50 ಅಲ್ಲ, ನಾನು 35 ಅಂತ ಹಿಡೀತೀನಿ.

ಆದ್ರೆ ಆಫರ್ ಎಲ್ಲಾ ಬರೀ ಬೊಗಳೆ ಅಂತ ತಳ್ಳಿಹಾಕೋರ ಜೊತೆ ನಾನಿಲ್ಲ. "ಎರಡನೇ ಮೂರನೇ ಸ್ಥಾನ ಬಂದ್ರೆ ಹಾಕಿದ್ದು ಬೋನಸ್ ಬೆಟ್ ಆಗಿ ವಾಪಸ್" ಅನ್ನೋದನ್ನ ನೋಡಿ. 50 ಹಾಕ್ತೀರಿ, ನಿಮ್ಮ ಕುದುರೆ ಎರಡು ಮೂರರಲ್ಲಿ ಬರೋ ಸಾಧ್ಯತೆ 30% ಅಂದ್ರೆ 0.30 × 35, ಹತ್ತೂವರೆ ಡಾಲರ್ ಬೆಲೆ. 5.00 ಬದಲು 5.50 ಸಿಗೋದರ ಬೆಲೆ? 50 × 0.50 × 0.20, ಐದು ಡಾಲರ್. ಅಂದ್ರೆ ಇಲ್ಲಿ ಕಮ್ಮಿ ರೇಟು ಕೊಡೋ ಕಡೆಯೇ ಲಾಭ. ಇಂಥ ಆಫರಿಗೆ ಮಿತಿ ಇರತ್ತೆ, ಒಬ್ಬರಿಗೆ ಒಂದೇ ಸಲ, 50 ಡಾಲರ್ ತನಕ, ಫಿಕ್ಸೆಡ್ ವಿನ್ನಿಗೆ ಮಾತ್ರ, ಹೀಗೆ. ಆಫರ್ ಇದೆ ಅಂತ ಇಷ್ಟವಿಲ್ಲದ ಕುದುರೆ ಮೇಲೆ ಹಾಕೋದು, ಇಲ್ಲ ಮಿತಿ ಮುಟ್ಟಲಿ ಅಂತ 20 ಹಾಕೋ ಕಡೆ 50 ಹಾಕೋದು, ಅಲ್ಲಿಗೆ ಆಫರ್ ಕೊಟ್ಟವನ ಕೆಲಸ ಆಯ್ತು.

ಹೆಜ್ಜೆ 8: ದುಡ್ಡಿನ ಗೆರೆ

ರೇಸ್ ದಿನಕ್ಕೆ ಎಷ್ಟು, ಹೋದ್ರೆ ಮನೆ ಬಾಡಿಗೆಗೆ ಕೈ ಹಾಕದಷ್ಟು, ಶುಕ್ರವಾರ ರಾತ್ರಿನೇ ಬರೆದಿಡಿ. ಪ್ರತಿ ಆಪಲ್ಲೂ ಡೆಪಾಸಿಟ್ ಲಿಮಿಟ್ ಹಾಕೋ ಸೌಲಭ್ಯ ಇದೆ. ಹೋಲಿಸೋಕೆ ಅಂತ ನಾಲ್ಕೈದು ಅಕೌಂಟ್ ತೆರೆದಾಗ ಒಂದೊಂದರಲ್ಲೂ ಲಿಮಿಟ್ ಬೇರೆ ಬೇರೆ ಆಗಿ ಒಟ್ಟು ಎಷ್ಟು ಹೋಯ್ತು ಅನ್ನೋದೇ ಗೊತ್ತಾಗಲ್ಲ, ಅದಕ್ಕೆ ಎಲ್ಲದರ ಮೊತ್ತ ಒಂದೇ ಕಡೆ ಬರೀರಿ. ನಿಜ ಹೇಳಬೇಕು ಅಂದ್ರೆ ರೇಟು ನೋಡೋಕೆ ಅಕೌಂಟೇ ಬೇಡ, ಸೈಟಲ್ಲಿ ಸುಮ್ನೆ ಕಾಣತ್ತೆ. 2024ರ ಜೂನ್‌ನಿಂದ ಆನ್‌ಲೈನ್ ಬೆಟ್ಟಿಂಗಿಗೆ ಕ್ರೆಡಿಟ್ ಕಾರ್ಡ್ ನಡೆಯಲ್ಲ, ಒಳ್ಳೇದೇ ಆಯ್ತು. ಕೈ ಮೀರ್ತಿದೆ ಅನ್ಸಿದ್ರೆ ಬೆಟ್‌ಸ್ಟಾಪ್ ಅಂತ 2023ರಲ್ಲಿ ಶುರುವಾದ ಸರ್ಕಾರಿ ರಿಜಿಸ್ಟರ್ ಇದೆ, ಅಲ್ಲಿ ಹೆಸರು ಹಾಕಿದ್ರೆ ಲೈಸೆನ್ಸ್ ಇರೋ ಎಲ್ಲಾ ಆನ್‌ಲೈನ್, ಫೋನ್ ಬುಕ್ಕಿಗಳೂ ನಿಮ್ಮ ಅಕೌಂಟ್ ಮುಚ್ಚಬೇಕು.

ಹೆಜ್ಜೆ 9: ಯಾವಾಗ ನೋಡಬೇಕು

ಮಾರ್ಕೆಟ್ ಅಲ್ಲಾಡೋ ಹೊತ್ತುಗಳಿವೆ. ಸ್ಲಾಟ್ ಘೋಷಣೆ ಆದಾಗ ಒಂದ್ಸಲ. ರೇಸ್ ವಾರದಲ್ಲಿ, ಸಾಮಾನ್ಯವಾಗಿ ಮಂಗಳವಾರ, ಬ್ಯಾರಿಯರ್ ಡ್ರಾ (ಯಾವ ಕುದುರೆ ಯಾವ ಗೇಟಿಂದ ಓಡತ್ತೆ ಅಂತ ಚೀಟಿ ಎತ್ತೋದು) ಆದಾಗ ಇನ್ನೊಂದ್ಸಲ. ಡ್ರಾ ಆದ ಮೊದಲ ಅರ್ಧ ಗಂಟೆಲಿ ಕೆಲವು ಬುಕ್ಕಿಗಳು ರೇಟು ತಿದ್ದಿರ್ತಾರೆ, ಕೆಲವರು ಇನ್ನೂ ಹಳೇ ರೇಟಲ್ಲೇ ಇರ್ತಾರೆ, ಅಂಗಡಿಗಳ ನಡುವೆ ಅಂತರ ದೊಡ್ಡದಾಗಿ ಸಿಗೋ ಹೊತ್ತು ಅದೇ.

ಆಮೇಲೆ ಮಳೆ. ಆಸ್ಟ್ರೇಲಿಯಾದಲ್ಲಿ ಟ್ರ್ಯಾಕಿಗೆ 1ರಿಂದ 10 ರೇಟಿಂಗ್, 1 ಮತ್ತೆ 2 ಫರ್ಮ್, 3 ಮತ್ತೆ 4 ಗುಡ್, 5ರಿಂದ 7 ಸಾಫ್ಟ್, 8ರಿಂದ ಮೇಲೆ ಹೆವಿ. ಶುಕ್ರವಾರ ಗುಡ್ 4 ಇದ್ದದ್ದು ಶನಿವಾರ ಬೆಳಗ್ಗೆ ಸಾಫ್ಟ್ 6 ಆದ್ರೆ ಒದ್ದೆ ಟ್ರ್ಯಾಕ್ ಇಷ್ಟಪಡೋ ಕುದುರೆಗಳ ರೇಟು ಕುಸಿಯತ್ತೆ. ನೀವು 6ನೇ ಹೆಜ್ಜೆಲಿ ಬರೆದ ಪರ್ಸೆಂಟೂ ಆಗ ಹಳಸಿರತ್ತೆ, ಹೊಸದಾಗಿ ಬರೀರಿ.

ಕೊನೇ ಐದು ನಿಮಿಷ ದೊಡ್ಡ ದುಡ್ಡು ಬರೋ ಹೊತ್ತು. ಆಗ ನಾಲ್ಕು ಆಪ್ ತೆರೆದು ಹೆಬ್ಬೆರಳು ಓಡಿಸ್ತಾ ಇದ್ರೆ "ಪ್ರೈಸ್ ಚೇಂಜ್ಡ್, ಆಕ್ಸೆಪ್ಟ್?" ಅಂತ ಪೆಟ್ಟಿಗೆ ಬರತ್ತೆ, ಗಡಿಬಿಡಿಲಿ ಆಕ್ಸೆಪ್ಟ್ ಒತ್ತಿದ್ರೆ 5.50 ಅನ್ಕೊಂಡಿದ್ದು 4.80ಕ್ಕೆ ಹೋಗಿರತ್ತೆ. ಕೆಲವು ಆಪಲ್ಲಿ "ರೇಟು ಬದಲಾದ್ರೂ ಒಪ್ಕೋ" ಅನ್ನೋ ಸೆಟ್ಟಿಂಗ್ ಇರತ್ತೆ, ಅದನ್ನ ಮೊದಲೇ ಆಫ್ ಮಾಡಿಡಿ. ಶೀಟಲ್ಲಿ ಪ್ರತಿ ಕುದುರೆ ಎದುರು "ಇದಕ್ಕಿಂತ ಕಮ್ಮಿಗೆ ಬೇಡ" ಅನ್ನೋ ಕಾಲಮ್ ಒಂದು ಇದ್ರೆ ಆ ಪೆಟ್ಟಿಗೆಗೆ ಉತ್ತರ ರೆಡಿ ಇರತ್ತೆ.

ಹೆಜ್ಜೆ 10: ರೇಸ್ ಮುಗಿದ ಮೇಲೆ

ನೀವು ತಗೊಂಡ ರೇಟಿನ ಪಕ್ಕ ಎಸ್‌ಪಿ ಬರೀರಿ, ಗೆದ್ರೂ ಸೋತ್ರೂ. 5.50ಕ್ಕೆ ತಗೊಂಡ್ರಿ, ಎಸ್‌ಪಿ 4.60 ಆಯ್ತು, ಕುದುರೆ ಐದನೇದಾಗಿ ಬಂತು: ದುಡ್ಡು ಹೋಯ್ತು, ಆದ್ರೆ ಹೋಲಿಕೆ ಕೆಲಸ ಸರಿಯಾಗಿತ್ತು. 5.50ಕ್ಕೆ ತಗೊಂಡು ಎಸ್‌ಪಿ 7 ಆಗಿ ಕುದುರೆ ಗೆದ್ರೆ ಪಾರ್ಟಿ ಮಾಡಿ, ಆದ್ರೆ ಶೀಟಲ್ಲಿ ಅದನ್ನ ಕೆಂಪಲ್ಲೇ ಬರೀರಿ. ಒಂದು ರೇಸಿಂದ ಏನೂ ಗೊತ್ತಾಗಲ್ಲ, ಸಿಡ್ನಿ ಮೆಲ್ಬರ್ನಿನ ಸ್ಪ್ರಿಂಗ್ ರೇಸುಗಳನ್ನೆಲ್ಲಾ ಇದೇ ಶೀಟಲ್ಲಿ ಹಾಕ್ತಾ ಹೋದ್ರೆ ನೀವು ತಗೊಳ್ಳೋ ರೇಟು ಎಸ್‌ಪಿಗಿಂತ ಮೇಲಿರತ್ತಾ ಕೆಳಗಿರತ್ತಾ ಅಂತ ಕಾಣೋಕೆ ಶುರುವಾಗತ್ತೆ. ಸ್ಕ್ರ್ಯಾಚಿಂಗ್ ಡಿಡಕ್ಷನ್ ಆಗಿದ್ರೆ ಕಳೆದ ಮೇಲಿನ ರೇಟನ್ನೇ ಬರೀಬೇಕು, 5.50 ಅಲ್ಲ 4.40.